ಅವ್ವ ಶಿವನ ಜೊತೆ ಮಾತು ಬಿಟ್ಟಾಗ

ತಂಗಿ ನೀಲಾಳನ್ನು ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ಅವ್ವ ಜಳಕ ಮಾಡಿದಳು, ಸೀರೆ ಉಟ್ಟಳು. ಆದರೆ ಲಿಂಗಪೂಜೆಗೆ ಕೂರಲಿಲ್ಲ.

ಯಾರೂ ಗಮನಿಸಿರಲಿಲ್ಲ. ಊಟಕ್ಕೆ ಕರೆದಾಗ ಗೊತ್ತಾಯಿತು.

"ಪೂಜಿ ಆಗಿಲ್ಲ. ಹೆಂಗ ಉಣ್ಣಲಿ?"

"ಮಾಡ್ಕೋ ಮತ್ತ," ಎಂದ ಅಪ್ಪ.

"ಮಾಡಂಗಿಲ್ಲ."

ಎಂಬತ್ತರ ದಶಕದ ಶುರುವಿನ ಮಾತಿದು. ಗುಳೇದಗುಡ್ಡದ ನಮ್ಮ ಮನೆಯಲ್ಲಿ ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸದೆ ಯಾರೂ ತುತ್ತು ಬಾಯಿಗಿಡುತ್ತಿರಲಿಲ್ಲ. ಜ್ವರ ಬಂದಿದ್ದರೂ, ಬಸ್ಸಿಗೆ ತಡವಾಗಿದ್ದರೂ ಪೂಜೆ ಮೊದಲು, ರೊಟ್ಟಿ ಆಮೇಲೆ.

ಅವ್ವ ಸಿಟ್ಟಿನಿಂದ ಪೂಜೆ ಬಿಟ್ಟಳು. ಪೂಜೆಯಿಲ್ಲದೆ ಉಣ್ಣಬಾರದೆಂಬ ನೇಮವನ್ನು ಬಿಡಲು ಮಾತ್ರ ಅವಳಿಗೆ ಬರಲಿಲ್ಲ...

ನಾನಾಗ ಅನುವಾದಗೊಂಡ ಕಾದಂಬರಿಗಳನ್ನು ಓದುತ್ತಿದ್ದೆ. ಅವುಗಳಲ್ಲಿ ದೇವರ ಮೇಲೆ ಮುನಿದವರು ಕಿಟಕಿಯ ಬಳಿ ನಿಂತು ಪುಟಗಟ್ಟಲೆ ಮಾತಾಡುತ್ತಿದ್ದರು. ನಮ್ಮವ್ವ ನೀರು ಕುಡಿದು ಸುಮ್ಮನೆ ಗೋಡೆಗೆ ಒರಗುತ್ತಿದ್ದಳು.

ನೀಲಾ ಪಿಯುಸಿ ಓದುತ್ತಿದ್ದಳು. ಕಾಮಣಿ ಆಯಿತು, ಕಣ್ಣು ಹಳದಿಯಾದವು, ಬಾಗಲಕೋಟೆಯ ದವಾಖಾನೆಯಿಂದ ಜೀವಂತ ಬರಲಿಲ್ಲ. ಮನೆಯ ಮಗ್ಗದಲ್ಲಿ ಕುಪ್ಪಸದ ಖಣ ನೇಯುವಾಗ ಲಾಳಿ ಸಿಕ್ಕಿಕೊಂಡರೆ ಅಪ್ಪನನ್ನೇ ಬೈಯುತ್ತಿದ್ದ ಹುಡುಗಿ.

ಸಮಾಧಾನ ಹೇಳಲು ಬಂದವರ ಮಾತು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

"ಚಲೋ ಮಂದೀನ್ನ ದೇವರು ಲಗೂನ ಕರ್ಕೊಂತಾನ." ಹಾಗಾದರೆ ಎದುರಿಗೆ ಕೂತು ಚಹಾ ಕುಡಿಯುತ್ತಿರುವ ನೀವು ಎಂಥವರು ಎಂದು ಕೇಳಬೇಕೆನಿಸಿತ್ತು. ಮೊನ್ನೆ ಮೊಬೈಲಿನಲ್ಲಿ, ತೀರಿಕೊಂಡ ಯಾರದೋ ಮಗನ ಫೋಟೋದ ಕೆಳಗೆ ಅದೇ ಸಾಲಿನ ಕಮೆಂಟ್ ನೋಡಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವ್ವ ಗೋಡೆ ಹಿಡಿದು ನಡೆಯುವಂತಾದಾಗ ಅಪ್ಪ ಹೆದರಿ ಮಠದ ಅಯ್ಯನವರನ್ನು ಕರೆತಂದ.

"ನೀಲವ್ವ ಶಿವಾಧೀನ ಆಗ್ಯಾಳ. ನೀ ಹಿಂಗ ಉಪಾಸ ಬಿದ್ರ ಹೆಂಗವಾ?"

ನಮ್ಮ ಕಡೆ ತೀರಿಕೊಂಡವರಿಗೆ ಹಾಗೇ ಹೇಳುವುದು, ಶಿವಾಧೀನ. ಎಲ್ಲರೂ ಕೇಳಿ ಸುಮ್ಮನಾಗುವ ಪದ. ಅವ್ವ ಸುಮ್ಮನಾಗಲಿಲ್ಲ.

"ಮೊದಲ ಯಾರ ಅಧೀನ ಇದ್ಲರಿ ಅಯ್ಯನೋರ? ಹುಟ್ಟಿದಾಗ ಆಕಿ ಕೊರಳಿಗೆ ಲಿಂಗ ಕಟ್ಟಿದವ್ರು ನೀವ ಅಲ್ಲೇನ್ರಿ? ಅವನ ಕೈಯಾಗ ಕೊಟ್ಟೀವಿ ಅಂದ್ರಿ. ನಾ ನೋಡ್ಕೊಳ್ಳಾಕ ಕೊಟ್ಟಿದ್ನಿ, ಇಟ್ಕೊಳ್ಳಾಕ ಅಲ್ಲ."

ಅಯ್ಯನವರು ಶಲ್ಯ ಹೆಗಲಿಗೇರಿಸಿಕೊಂಡರು. ಎದ್ದು ಹೊರಟುಹೋದರು.

ಪಕ್ಕದ ಮನೆಯ ಗೌರವ್ವ ಬಾಗಿಲಲ್ಲೇ ನಿಂತಿದ್ದಳು. ಅವ್ವ ಆಗಾಗ ಜಗಳವಾಡಿ ಮಾತು ಬಿಡುತ್ತಿದ್ದುದು ಇವಳ ಜೊತೆಗೇ, ಇವಳದು ಊರಿಗೇ ಗೊತ್ತಿದ್ದ ಬಾಯಿ.

"ನೀ ನನ್ನ ಕೂಡ ಮಾತು ಬಿಟ್ಟಾಗೆಲ್ಲ ನಾ ಆರಾಮ ಇರ್ತಿದ್ನಿ, ನಿನ್ನ ಬೈಗುಳ ತಪ್ತಿತ್ತು," ಎಂದಳು. "ಈಗ ಅವಗೂ ಹಂಗ ಆಗೇತಿ. ನಿನ್ನ ಕೊರಳಾಗ ತಣ್ಣಗ ಕುಂತಾನ. ಕೈಯಾಗ ತಗೊಂಡು ಮಾರಿ ನೋಡಿ ಬೈಯವ್ವಾ."

"ಲಿಂಗ ಹಿಡ್ಕೊಂಡು ಬೈತಾರೇನ?"

"ಪೂಜಿ ಮಾಡು ಅಂದ್ನೇನು? ಬೈ ಅಂದ್ನಿ."

ಅವ್ವ ಗೋಡೆ ಹಿಡಿದು ಒಳಗೆ ಹೋಗಿ ಕೂತಳು. ವಿಭೂತಿ ಇಲ್ಲ, ಹೂವಿಲ್ಲ. ಎಡಗೈಯಲ್ಲಿ ಲಿಂಗ.

"ನಿನ್ನ ಮಗನ ತಲಿ ಹೋದಾಗ ಆನಿ ತಲಿ ತಂದು ಹಚ್ಚಿದೆಲ್ಲೋ. ನನ್ನ ಮಗಳ ಹಳದಿ ಕಣ್ಣು ಬೆಳ್ಳಗ ಮಾಡಾಕ ಆಗಲಿಲ್ಲೇನೋ ಭಾಡ್ಯಾ?"

ಅಪ್ಪ ಕಿವಿ ಮುಚ್ಚಿಕೊಂಡ. ನಾನು ಮುಚ್ಚಿಕೊಳ್ಳಲಿಲ್ಲ. ಅವಳು ಹೇಳಿದ ಒಂದೊಂದು ಮಾತೂ ನನ್ನದೇ ಆಗಿತ್ತು.

ದನಿ ಒಡೆಯುವವರೆಗೂ ಬೈದಳು. ಆಮೇಲೆ ಲಿಂಗವನ್ನು ಕರಡಿಗೆಯಲ್ಲಿಟ್ಟು ಮುಚ್ಚಿ ಕೊರಳಿಗೆ ಇಳಿಬಿಟ್ಟಳು. ಗೌರವ್ವ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ತಂದಳು.

"ಆತೇನವ್ವಾ ಪೂಜಿ?"

"ಇವತ್ತಿಂದು ಆತು," ಎಂದಳು ಅವ್ವ, ತಟ್ಟೆ ಎಳೆದುಕೊಳ್ಳುತ್ತ. "ನಾಳಿಂದು ಇನ್ನೂ ಐತಿ."

ಬದುಕಿರುವವರೆಗೂ ಅವಳು ಅವನನ್ನು ಕ್ಷಮಿಸಲಿಲ್ಲ. ಕೊರಳಿನಿಂದ ತೆಗೆದಿಡಲೂ ಇಲ್ಲ. ನಂಬಿಕೆಯೆಂದರೆ ನಾನು ಕಣ್ಣಾರೆ ಕಂಡದ್ದು ಇಷ್ಟೇ.

ಮಕ್ಕಳು ಸತ್ತ ಮನೆಗೆ ಹೋದಾಗ ನೀವು ಯಾರ ಪರವಾಗಿ ಮಾತಾಡುತ್ತೀರಿ?