ಎಚ್ ಇಲ್ಲದ ಹೋಮ್

ಶಾಗ್ಯ ಎಂಬ ಹಳ್ಳಿಯಲ್ಲಿ ಹುಟ್ಟಿದ ನನಗೆ, ನಮ್ಮ ಕಡೆಯ ಎಲ್ಲರಂತೆ, ‘ಹ’ ಅಕ್ಷರ ಬರೆಯಲು ಬರುತ್ತದೆ, ಬಾಯಲ್ಲಿ ಮಾತ್ರ ನಿಲ್ಲುವುದಿಲ್ಲ. ಯಳಂದೂರಿನ ಹೈಸ್ಕೂಲಿನಲ್ಲಿ ಹದಿನಾರು ವರ್ಷ ಹೈಡ್ರೋಜನ್ನನ್ನು ‘ಐಡ್ರೋಜನ್’ ಎಂದೇ ಪಾಠ ಮಾಡಿದ್ದೆ. ಅದೇನೂ ಬೇಜಾರು ಮಾಡಿಕೊಳ್ಳದೆ ಉರಿಯುತ್ತಿತ್ತು.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಶಾಲೆಗೆ ಕಂಪ್ಯೂಟರ್ ಬಂದವು. ಅವುಗಳ ಜೊತೆಗೇ ಗುತ್ತಿಗೆ ಮೇಲೆ ಮೈಸೂರಿನ ಒಬ್ಬ ಮೇಷ್ಟ್ರೂ ಬಂದರು, ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಮೊದಲ ದಿನ ಒಂಬತ್ತನೇ ಕ್ಲಾಸಿನ ಎದುರು ಪೆಟ್ಟಿಗೆ ಮುಟ್ಟಿ ತೋರಿಸಿ, “ಇದಕ್ಕೆ ಆರ್ಡ್‌ವೇರ್ ಅಂತಾರೆ” ಎಂದೆ.

“ಆರ್ಡ್ ಅಲ್ಲ ಸಾರ್, ಹಾರ್ಡ್. ಹ. ಹೊಟ್ಟೆಯಿಂದ ಬರಬೇಕು. ಎಲ್ಲಿ, ಹೇಳಿ ನೋಡೋಣ,” ಎಂದರು ಅವರು.

ಮೂರು ಸಲ ಹೇಳಿಸಿದರು. ಮೂರನೆಯದಕ್ಕೆ ಕೆಮ್ಮು ಬಂತು. ಮಕ್ಕಳು ನಕ್ಕರು.

ಆಮೇಲೆ ಅವರು ಮಕ್ಕಳಿಗೆ ಲೋಗೋ ಎಂಬ ಕಂಪ್ಯೂಟರ್ ಭಾಷೆ ಕಲಿಸಿದರು. ಪರದೆಯ ಮೇಲೆ ಆಮೆ ಎಂದು ಕರೆಯುವ ಒಂದು ತ್ರಿಕೋನ. ಆಜ್ಞೆ ಟೈಪ್ ಮಾಡಿದರೆ ಗೆರೆ ಎಳೆಯುತ್ತಾ ನಡೆಯುತ್ತದೆ. ‘ಹೋಮ್’ ಎಂದು ಒತ್ತಿದರೆ ನಡುವಿನ ತನ್ನ ಜಾಗಕ್ಕೆ ವಾಪಸ್. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಬಾಯಲ್ಲಿ ಅಂದಂತೆಯೇ ಎಚ್ ಬಿಟ್ಟು ಓ, ಎಂ, ಇ ಒತ್ತಿದಳು. ‘ಓಮ್ ಮಾಡುವುದು ನನಗೆ ಗೊತ್ತಿಲ್ಲ’ ಎಂದು ಪರದೆ ಇಂಗ್ಲಿಷಿನಲ್ಲಿ ಹೇಳಿತು.

“ನೋಡಿದ್ರಾ ಸಾರ್, ನಿಮ್ಮ ಕಡೆ ಮಾತು ಮೆಷಿನ್ನಿಗೂ ಅರ್ಥ ಆಗಲ್ಲ. ಮೇಷ್ಟ್ರು ಕಲಿಸಿದ ಹಾಗೆ ಮಕ್ಕಳು,” ಎಂದರು ಮೈಸೂರಿನವರು.

ಆ ಹುಡುಗಿ ಮತ್ತೆ ಕೀಬೋರ್ಡ್ ಮುಟ್ಟಲಿಲ್ಲ. ನಾನು ಮಾತ್ರ ಅವತ್ತೇ ತೀರ್ಮಾನಿಸಿದೆ: ಮಕ್ಕಳ ಎದುರು ಹೋದ ಮಾನ ಮಕ್ಕಳ ಎದುರೇ ಬರಬೇಕು, ಅದೂ ಇವರ ಬೆರಳಿನಿಂದಲೇ.

ಲೋಗೋ ಪುಸ್ತಕ ಕೇಳಿ ಪಡೆದೆ. “ಈ ವಯಸ್ಸಲ್ಲೂ ಆಸಕ್ತಿ,” ಎಂದು ಅವರು ಮೆಚ್ಚಿದರು. ನಿಘಂಟು ಪಕ್ಕಕ್ಕಿಟ್ಟುಕೊಂಡು ಆರು ವಾರ ಓದಿದೆ. ಸಿಕ್ಕಿದ್ದು ಎರಡೇ ವಿಷಯ, ಸಾಕಿತ್ತು. ಯಂತ್ರಕ್ಕೆ ಹೊಸ ಪದ ಕಲಿಸಬಹುದು. ಹಳೆಯದನ್ನು ಮರೆಸಲೂಬಹುದು.

ಸ್ಕೂಲ್ ಇನ್ಸ್‌ಪೆಕ್ಟರ್ ಬರುವ ದಿನ ಪ್ರಾರ್ಥನೆಗೆ ಮೊದಲೇ ಹೋಗಿ, ಅವರಿಗೆ ತೋರಿಸಲಿದ್ದ ಕಂಪ್ಯೂಟರಿಗೆ ‘ಓಮ್’ ಕಲಿಸಿದೆ, ‘ಹೋಮ್’ ಮರೆಸಿದೆ. ಒಂದೇ ತೊಂದರೆ: ಆಫ್ ಆದರೆ ಅದು ನನ್ನ ಪಾಠವನ್ನೆಲ್ಲ ಮರೆತುಬಿಡುತ್ತದೆ. ಯಳಂದೂರಿನ ಕರೆಂಟನ್ನು ನಂಬಿ ಸೇಡು ಇಟ್ಟುಕೊಂಡವನು ನಾನೊಬ್ಬನೇ ಇರಬೇಕು. ಎರಡು ಪೀರಿಯಡ್ ಫ್ಯಾನ್ ನೋಡುತ್ತಲೇ ಪಾಠ ಮಾಡಿದೆ. ಅದು ನಿಧಾನವಾದಾಗೆಲ್ಲ ನನಗೆ ಬೆವರು.

ಇನ್ಸ್‌ಪೆಕ್ಟರ್ ಬಂದರು. ಮೈಸೂರಿನವರು ಆಮೆಯಿಂದ ಮನೆಯ ಚಿತ್ರ ಬಿಡಿಸಿ, ‘ಹೋಮ್’ ಎಂದು ಒತ್ತಿದರು. ಗೊತ್ತಿಲ್ಲ ಎಂದಿತು ಪರದೆ. ಮತ್ತೆ ಒತ್ತಿದರು. ಮೂರನೆಯ ಸಲವೂ ಒತ್ತಿದರು, ನಾನು ಎಣಿಸುತ್ತಿದ್ದೆ.

“ಏನಂತ್ರೀ ಅದು?” ಎಂದರು ಇನ್ಸ್‌ಪೆಕ್ಟರ್.

“ಮನೆಗೋಗೋದು ಗೊತ್ತಿಲ್ವಂತೆ ಸಾ,” ಎಂದೆ. ಮೈಸೂರಿನವರ ಕಡೆ ಬಾಗಿ, “ಎಚ್ ತೆಗ್ದು ನೋಡಿ ಸಾ,” ಎಂದೆ.

ಬೇರೆ ದಾರಿ ಇರಲಿಲ್ಲ. ಓ, ಎಂ, ಇ ಎಂದು ಅವರೇ ಒತ್ತಿದರು. ಆಮೆ ವಿಧೇಯವಾಗಿ ನಡುವಿಗೆ ಹೋಯಿತು.

“ಓಂ ಅಂದ್ರೆ ಓಯ್ತದಾ? ಒಳ್ಳೇದೇ ಬುಡಿ,” ಎಂದರು ಇನ್ಸ್‌ಪೆಕ್ಟರ್.

“ಅವತ್ತು ನಾನೂ ಅಂಗೇ ಒತ್ತಿದ್ದೆ ಸಾ,” ಎಂದಳು ಮುಂದಿನ ಬೆಂಚಿನ ಹುಡುಗಿ. ಇಡೀ ಕ್ಲಾಸು ನಕ್ಕಿತು. ಮೈಸೂರಿನವರ ಕಿವಿ ಕೆಂಪಾದದ್ದನ್ನು ನಾನು ಮನಸಾರೆ ನೋಡಿದೆ.

ಜೀಪು ಗೇಟು ದಾಟುವಷ್ಟರಲ್ಲಿ ಕರೆಂಟ್ ಹೋಯಿತು. ಬಂದಮೇಲೆ ಮೈಸೂರಿನವರು ಒಬ್ಬರೇ ಕೂತು ‘ಹೋಮ್’ ಒತ್ತಿದರು; ಆಮೆ ನೆಟ್ಟಗೆ ಮನೆಗೆ ಹೋಯಿತು. ‘ಓಮ್’ ಒತ್ತಿದರು, ಗೊತ್ತಿಲ್ಲ ಎಂದಿತು. ಬಾಗಿಲಲ್ಲಿದ್ದ ನನ್ನ ಕಡೆ ತಿರುಗಿದರು.

“ಏನಾಗಿತ್ತು ಸಾರ್ ಇದಕ್ಕೆ?”

“ಆರ್ಡ್‌ವೇರ್ ಇರ್ಬೇಕು ಸಾ,” ಎಂದೆ.

ತಿದ್ದುತ್ತಾರೇನೋ ಎಂದು ಕಾದು ನಿಂತೆ. ತಿದ್ದಲಿಲ್ಲ.