ಅಣ್ಣನನ್ನು ಚಟ್ಟದ ಮೇಲೆ ಮಲಗಿಸಿದ ಚಿಕ್ಕಪ್ಪ

ಚಿಕ್ಕಪ್ಪನ ಕಣ್ಣು ಸದಾ ಕೆಂಪಗೆ ಊದಿರುತ್ತಿತ್ತು. ನಾಗಮಂಗಲದ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಸಾಕು, "ಬಂದ ನೋಡ್ಲಾ, ಏರುಸ್ಕಂಡು" ಎಂದು ಊರಿನವರು ನಗುತ್ತಿದ್ದರು. ಕಾಫಿ ಬಿಟ್ಟು ಬೇರೇನೂ ಕುಡಿಯದ ಮನುಷ್ಯ. ಬೆಂಗಳೂರಿನ ಎಡಿಟಿಂಗ್ ರೂಮುಗಳಲ್ಲಿ ಇನ್ನೊಬ್ಬರ ಸಿನಿಮಾ ಕತ್ತರಿಸುತ್ತ ಅರ್ಧ ಆಯಸ್ಸು ಕಳೆದಿದ್ದರು. ಅದೇ ಚಾಳಿ ಮನೆಯಲ್ಲೂ. ನಾನು ಏನಾದರೂ ಉದ್ದಕ್ಕೆ ಹೇಳತೊಡಗಿದರೆ, "ಅದೆಲ್ಲ ಬ್ಯಾಡ ಮಗ, ಜಗಳದಿಂದ ಸುರು ಮಾಡು" ಎನ್ನುತ್ತಿದ್ದರು. ಮಾತನಾಡುವುದನ್ನು ನಾನು ಕಲಿತದ್ದು ಅವರಿಂದಲೇ.

ಐವತ್ತು ದಾಟಿದ ಮೇಲೆ ತಮ್ಮದೇ ಒಂದು ಸಿನಿಮಾ ಮಾಡಲು ಊರಿಗೆ ಬಂದರು. ನಿರ್ಮಾಪಕರಿಲ್ಲ, ನಟರಿಲ್ಲ, ಊರಿನವರದೇ ಪಾತ್ರ. ಅಪ್ಪನ ಹೆಣವನ್ನು ಅಂಗಳದಲ್ಲಿಟ್ಟು ಮಕ್ಕಳು ಜಮೀನಿಗಾಗಿ ಕಿತ್ತಾಡುವ ಕತೆ. ಕಿತ್ತಾಡಲು ಊರಿಗೆ ಊರೇ ಮುಂದೆ ಬಂತು. ಚಟ್ಟದ ಮೇಲೆ ಮಲಗಲು ಮಾತ್ರ ಒಬ್ಬರೂ ಒಪ್ಪಲಿಲ್ಲ. ಬದುಕಿರುವವರು ಚಟ್ಟ ಏರಿದರೆ ಉಳಿಯುವುದುಂಟೇ?

ಕೊನೆಗೆ ನಮ್ಮಪ್ಪ ಟವೆಲ್ ಕೊಡವಿ ಎದ್ದರು. "ನಾ ಮನೀಕತೀನಿ ಬುಡ್ಲಾ. ಇಷ್ಟಕ್ಕೆ ನಿನ್ ಸಿನ್ಮಾ ನಿಂತೋಗ್ಬೇಕಾ?"

ಮಳೆಗಾಲ ಮುಗಿಯುವ ಮೊದಲೇ ಪಂಪ್‌ಸೆಟ್ಟಿನ ಸ್ಟಾರ್ಟರ್ ಮುಟ್ಟಿ, ಕರೆಂಟು ಹೊಡೆದು ಅಪ್ಪ ಸತ್ತರು.

ಅವ್ವ ಚಿಕ್ಕಪ್ಪನಿಗೆ ಹೇಳಿದ್ದು ಇಷ್ಟೇ. "ನಿನ್ ಸಿನ್ಮಾ ನನ್ ಗಂಡನ್ನ ನುಂಗ್ಕತು ಕಣಪ್ಪ. ಅವ್ರು ಚಟ್ಟದ್ ಮೇಲಿರೋದ ಯಾರ್ಗೂ ತೋರುಸ್ಬ್ಯಾಡ."

"ತೆಗ್ದಾಕ್ತೀನಿ ಅತ್ತಿಗೆ" ಎಂದರು ಚಿಕ್ಕಪ್ಪ. ಸಿನಿಮಾದವರ ಜೊತೆ ಒಂದೊಂದು ದೃಶ್ಯಕ್ಕೂ ಜಗಳ ಕಾಯುತ್ತಿದ್ದವರು ಅವತ್ತು ಒಂದೇ ಮಾತಿಗೆ ಒಪ್ಪಿಬಿಟ್ಟರು. ನನಗೆ ಅವ್ವನ ಮೇಲೆ ಸಿಟ್ಟು ಬಂತು. ಹೆಣವನ್ನೇ ತೆಗೆದರೆ ಉಳಿಯುವುದೇನು ಚಿಕ್ಕಪ್ಪ, ಎಂದು ಕೇಳಿದೆ.

"ನಿಮ್ಮವ್ವ ಉಳ್ಕತಾರಲ್ಲ ಮಗ."

ತೆಗೆದೇ ಬಿಟ್ಟರು. ಉಳಿದದ್ದು ಯಾರಿಗೂ ಅರ್ಥವಾಗಲಿಲ್ಲ. ಯಾವ ಚಿತ್ರೋತ್ಸವವೂ ಆ ಸಿನಿಮಾವನ್ನು ತೆಗೆದುಕೊಳ್ಳಲಿಲ್ಲ. ಚಿಕ್ಕಪ್ಪ ಮತ್ತೆ ಬೆಂಗಳೂರಿಗೆ ಹೋಗಿ ಧಾರಾವಾಹಿ ಕತ್ತರಿಸಲು ಕೂತರು. ಹಬ್ಬಕ್ಕೆ ಬಂದರೆ ಜಗಲಿಯಲ್ಲೇ ಕೂತು ಹೋಗುತ್ತಿದ್ದರು. ಅವ್ವ ಅವರೊಂದಿಗೆ ಮಾತು ಬಿಟ್ಟಿದ್ದಳು.

ಹೋದ ವರ್ಷ ಅವರೂ ಎದೆನೋವಿನಿಂದ ಹೋದರು. ತಿಥಿಯ ಸಂಜೆ ಅವ್ವ ನನ್ನ ಪಕ್ಕಕ್ಕೆ ಬಂದು ಕೂತು, "ನಿಮ್ಮಪ್ಪ ಆ ಸಿನ್ಮಾದಲ್ಲಿ ಎಂಗವ್ರೆ? ಎಲ್ಲಾನೂ ಅಳಿಸ್ಬುಟ್ನಾ?" ಎಂದಳು.

ನನ್ನ ಫೋನಿನಲ್ಲಿ ಒಂದು ತುಣುಕಿತ್ತು. ನಿಮ್ಮವ್ವ ತಾನಾಗಿ ಕೇಳಿದರೆ ತೋರಿಸು ಎಂದು ಚಿಕ್ಕಪ್ಪ ಕೊಟ್ಟಿದ್ದರು. ಹಾಕಿದೆ. ಚಟ್ಟದ ಮೇಲೆ ಅಪ್ಪ. ಕ್ಯಾಮೆರಾ ಹಿಂದಿನಿಂದ ಚಿಕ್ಕಪ್ಪನ ಗಾಬರಿಯ ದನಿ: "ಅಣ್ಣ, ಎದ್ದು ಈ ಕಡೆ ನೋಡ್ಕಂಡು ನಗಣ್ಣ. ಹೆಣದ ಪಾತ್ರ ಮಾಡ್ದೋರು ನಕ್ರೆ ದೋಸ ಕಳೀತದಂತೆ. ನಗಣ್ಣ, ನಿನ್ ಕಾಲ್ ಕಟ್ಕತೀನಿ." ಅಪ್ಪ ಎದ್ದು ಕೂತು, ಹಾರ ಸರಿಸಿ, ಬಾಯ್ತುಂಬ ನಕ್ಕರು.

ಅವ್ವ ಫೋನಿನಿಂದ ಕಣ್ಣು ಕೀಳಲಿಲ್ಲ.

"ಇವ್ನೂ ಎದ್ರುಕಂಡಿದ್ನಾ? ನಂತಾವ ಒಂದ್ ಮಾತಾದ್ರೂ ಅನ್ಬಾರ್ದಾಗಿತ್ತಾ?"

ಅಷ್ಟು ಹೊತ್ತಿಗೆ ಚಿಕ್ಕಪ್ಪನನ್ನು ಮಣ್ಣು ಮಾಡಿ ಹನ್ನೊಂದು ದಿನವಾಗಿತ್ತು.