ಶೇಷಗಿರಿಯ ಎದೆಯಲ್ಲಿ ನಾನು ಕೇಳಿದ್ದು

ಶೇಷಗಿರಿಯ ಹೃದಯ ಸರಿಯಿರಲಿಲ್ಲ, ಅತ್ತಿಗೆ. ಅದು ನನಗೆ ಗೊತ್ತಿತ್ತು. ತೀರ್ಥಹಳ್ಳಿಯ ನಿಮ್ಮದೇ ಮನೆಯ ಮಂಚದ ಮೇಲೆ ಅವನನ್ನು ಮಲಗಿಸಿ, ಸ್ಟೆತಾಸ್ಕೋಪ್ ಇಟ್ಟು, ಕಿವಿಯಾರೆ ಕೇಳಿದ್ದೆ. ಕೇಳಿಯೂ ಅವನಿಗೆ ಹೇಳಲಿಲ್ಲ, ನಿಮಗೂ ಹೇಳಲಿಲ್ಲ. ಏನೂ ಇಲ್ಲ ಎಂದೆ.

ಇಷ್ಟು ಬರೆಯುವುದಕ್ಕೆ ನಾನು ಮುದುಕನಾಗಬೇಕಾಯಿತು, ನೋಡಿ. ಥೂ, ನನ್ನ ಜನ್ಮಕ್ಕಿಷ್ಟು!

ಅರವತ್ತರ ದಶಕದ ಮೊದಲ ವರ್ಷಗಳು ಅವು. ನಾನು ಸಾಗರದಲ್ಲಿ ಡಾಕ್ಟರು, ನನ್ನ ಗೆಳೆಯ, ನಿಮ್ಮ ಯಜಮಾನ, ತೀರ್ಥಹಳ್ಳಿಯಲ್ಲಿ. ಡಾಕ್ಟರು ಇನ್ನೊಬ್ಬ ಡಾಕ್ಟರಿಂದ ಫೀಸು ತೆಗೆದುಕೊಳ್ಳಬಾರದು ಎಂಬುದು ನಮ್ಮಲ್ಲಿ ಕಟ್ಟುನಿಟ್ಟು. ಒಳ್ಳೆಯ ಪದ್ಧತಿಯೇ — ಆದರೆ ಅದರಿಂದಾಗಿಯೇ ನಾವು ಯಾರೂ ಯಾರ ಹತ್ತಿರವೂ ತೋರಿಸಿಕೊಳ್ಳುತ್ತಿರಲಿಲ್ಲ. ಪುಕ್ಕಟೆ ಹೇಗೆ ಹೋಗುವುದು ಎಂಬ ಸಂಕೋಚ. ಹೊಸನಗರದ ಹಿರಿಯ ಡಾಕ್ಟರು ಆ ಸಂಕೋಚದಲ್ಲಿಯೇ ನೋವು ನುಂಗಿಕೊಂಡಿದ್ದು, ನಮಗೆಲ್ಲ ಹೇಳಿ ಕಳಿಸುವಷ್ಟರಲ್ಲಿ ಕಾಲ ಮಿಂಚಿ, ತೀರಿಕೊಂಡರು.

ಅದೇ ಸಮಯಕ್ಕೆ ಬಂದದ್ದು ವೈದ್ಯರಿಗಾಗಿಯೇ ಇದ್ದ ಆ ಖಾಸಗಿ ಆರೋಗ್ಯ ವಿಮಾ ನಿಧಿ. ನಾವು ಕಾಯಿಲೆ ಬಿದ್ದರೆ ದೊಡ್ಡ ಆಸ್ಪತ್ರೆಯ ಖರ್ಚು ನಿಧಿಯದು. ಯಾರ ಹಂಗೂ ಇಲ್ಲ. ಇದನ್ನು ನಂಬಬಹುದೋ ಬಾರದೋ ನೋಡಿ ಹೇಳು ಎಂದು ಮೂರು ತಾಲೂಕಿನ ಡಾಕ್ಟರುಗಳು ನನ್ನ ತಲೆಗೆ ಕಟ್ಟಿದರು. ನನಗೋ ಆಗ ಹೆಮ್ಮೆಯೇ ಹೆಮ್ಮೆ. ನಿಯಮಗಳನ್ನು ಓದಿದೆ, ವಕೀಲರಿಂದ ಓದಿಸಿದೆ, ನಿಧಿ ನಡೆಸುವವರ ಹತ್ತಿರ ವಾದ ಮಾಡಿದೆ. ಒಳ್ಳೆಯ ನಿಧಿಯೇ, ಸೇರಬಹುದು ಎಂದು ಎಲ್ಲರಿಗೂ ಹೇಳಿದೆ. ಈಗಲೂ ಆ ಮಾತಿನಲ್ಲಿ ತಪ್ಪು ಕಾಣುವುದಿಲ್ಲ. ಎರಡು ಷರತ್ತು ಇದ್ದವು. ಮೊದಲೇ ರೋಗವಿದ್ದವರನ್ನು ಸೇರಿಸಿಕೊಳ್ಳುವುದಿಲ್ಲ. ಇಂತಿಷ್ಟು ಜನ ಒಟ್ಟಿಗೆ ಸೇರದಿದ್ದರೆ ಆ ಊರುಗಳಿಗೆ ನಿಧಿಯೇ ಇಲ್ಲ. ನಾವಿದ್ದದ್ದು ಸರಿಯಾಗಿ ಅಷ್ಟೇ ಜನ. ಒಬ್ಬ ತಪ್ಪಿದರೂ ಎಲ್ಲರಿಗೂ ತಪ್ಪಿದಂತೆ.

ಪ್ರತಿಯೊಬ್ಬರನ್ನೂ ಬೇರೆ ತಾಲೂಕಿನ ಡಾಕ್ಟರು ಪರೀಕ್ಷಿಸಬೇಕಿತ್ತು. ನನ್ನ ಪರೀಕ್ಷೆ ಹೊಸನಗರದಲ್ಲಿ ಆಯಿತು. ಅಲ್ಲಿಗೆ ಹೊಸದಾಗಿ ಬಂದಿದ್ದ ಹುಡುಗ ಡಾಕ್ಟರು, “ನಿಮ್ಮಂಥೋರ ಅಂಗಿ ಬಿಚ್ಚಿಸಿ ನಾನೆಂತ ನೋಡೋದು, ಬಿಡಿ ಸಾರ್” ಎಂದು ನಾಚಿ, ಕಾಫಿ ಕುಡಿಸಿ, ರುಜು ಹಾಕಿಕೊಟ್ಟರು. ನನ್ನ ಹೊಟ್ಟೆಯಲ್ಲಿ ಹುಣ್ಣಿತ್ತು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಆ ನಿಧಿ ಎಲ್ಲರಿಗಿಂತ ಹೆಚ್ಚಾಗಿ ಬೇಕಿದ್ದದ್ದು ನನಗೆ, ಅತ್ತಿಗೆ.

ಆಮೇಲೆ ಶೇಷಗಿರಿಯ ಸರದಿ. ನೀವು ಬಾಗಿಲಲ್ಲಿ ನಿಂತು, “ಏರು ಹತ್ತೋವಾಗ ನಡುನಡುವೆ ನಿಂತ್ಕೋತಾರೆ ಇವ್ರು. ಹೇಳಿದ್ರೆ ನನ್ ಮೇಲೇ ರೇಗ್ತಾರೆ. ಚೆನ್ನಾಗಿ ನೋಡಿ ಡಾಕ್ಟ್ರೇ” ಎಂದಿರಿ. ನೀವು ಹಾಗೆ ಹೇಳದಿದ್ದರೆ ನಾನೂ ಕಾಫಿ ಕುಡಿದು ರುಜು ಹಾಕುತ್ತಿದ್ದೆನೋ ಏನೋ. ಹೇಳಿದಿರಿ, ಆದ್ದರಿಂದ ನೋಡಿದೆ. ಎಡ ಮಗ್ಗುಲಿಗೆ ಹೊರಳಿಸಿದಾಗ ಕೇಳಿತು — ಮಂದವಾದ ಗುಡುಗುಡು. ಚಿಕ್ಕಂದಿನಲ್ಲಿ ಕೀಲುಗಳು ಬಾತು ಜ್ವರ ಬಂದದ್ದರ ಉಳಿಕೆ. ಹೃದಯದ ಕವಾಟ ಕಿರಿದಾಗಿತ್ತು. ಅನುಮಾನಕ್ಕೆ ಎಡೆಯೇ ಇರಲಿಲ್ಲ.

“ಎಂತ ಮಾರಾಯ, ಅಷ್ಟೊತ್ತು ಕೇಳ್ತಾ ಇದೀಯ? ಒಳಗೆ ಯಾರಾದ್ರೂ ಹಾಡ್ತಿದಾರಾ?” ಎಂದು ನಕ್ಕ.

ಹೇಳಬೇಕಿತ್ತು. ಹೇಳಿದ್ದರೆ ಅವನು ಆ ಕ್ಷಣವೇ, ಹಾಗಾದ್ರೆ ನನ್ನ ಬಿಟ್ಟುಬಿಡಿ ಎನ್ನುತ್ತಿದ್ದ. ಸುಳ್ಳು ರುಜುವಿಗೆ ಒಪ್ಪುವ ಆಸಾಮಿ ಅವನಲ್ಲ. ಅವನು ಬಿಟ್ಟರೆ ನಿಧಿ ಹೋಯಿತು, ನನ್ನ ಹೊಟ್ಟೆಯ ಆಪರೇಷನ್ನೂ ಹೋಯಿತು — ಇಷ್ಟೂ ನನ್ನ ತಲೆಯಲ್ಲಿ ಓಡಿತು, ಅವನ ಎದೆಯ ಮೇಲೆ ನನ್ನ ಕೈ ಇರುವಾಗಲೇ.

“ಏನೂ ಇಲ್ಲ ಕಣೋ. ಗಟ್ಟಿ ಆಳು. ಆ ಹಾಳು ಸಿಗರೇಟು ಬಿಡು, ಸಾಕು.”

“ಕೇಳಿಸ್ತೇನೇ?” ಎಂದು ನಿಮ್ಮತ್ತ ಕೂಗಿದ. ಏನು ಸಂತೋಷ ಅವನಿಗೆ!

ನಿಧಿಗೆ ಸೇರಿದ ಮೇಲೆ ಹೇಳೋಣ ಎಂದುಕೊಂಡಿದ್ದೆ. ಸೇರಿದ ಮೇಲೆ ಹೇಳಿದರೆ, ಮೊದಲೇ ಗೊತ್ತಿತ್ತೆಂದು ಒಪ್ಪಬೇಕಾಗುತ್ತಿತ್ತು. ಇನ್ನೊಂದು ಸಲ ಬಂದಾಗ ಎಂದುಕೊಂಡೆ. ಬಂದೆ, ಊಟ ಮಾಡಿದೆ, ಹೋದೆ. ನನ್ನ ಆಪರೇಷನ್ ಆಯಿತು, ನಿಧಿಯ ಖರ್ಚಿನಲ್ಲಿಯೇ. ನೋಡಲು ಬಂದ ಶೇಷಗಿರಿ ಕಿತ್ತಲೆ ಸುಲಿದು ಬಾಯಿಗಿಟ್ಟ. ಆಗಲಾದರೂ... ಇಲ್ಲ. ಅಂಥ ಕವಾಟವನ್ನು ಬಿಡಿಸುವ ಶಸ್ತ್ರಚಿಕಿತ್ಸೆ ಆ ಹೊತ್ತಿಗೆ ವೆಲ್ಲೂರಿನಲ್ಲಿ ನಡೆಯುತ್ತಿತ್ತು. ಅದೂ ನನಗೆ ಗೊತ್ತಿತ್ತು.

ಆಮೇಲೊಂದು ದಿನ ಮೇಗರವಳ್ಳಿಯಲ್ಲಿ ಬಸ್ಸಿಳಿದು, ಒಂದು ಹೆರಿಗೆಗೆಂದು ಗುಡ್ಡ ಹತ್ತುತ್ತಿದ್ದ ಶೇಷಗಿರಿ ದಾರಿಯ ಬದಿಯಲ್ಲಿ ಕುಳಿತ. ಬ್ಯಾಗು ತೊಡೆಯ ಮೇಲೆಯೇ ಇತ್ತಂತೆ. ಮತ್ತೆ ಏಳಲಿಲ್ಲ.

ಹದಿಮೂರನೆಯ ದಿನ ನೀವು ನನ್ನ ಮುಂದೆ ಕಾಫಿ ಇಟ್ಟು ಹೇಳಿದ ಮಾತು: “ಗುಡ್ಡದ ಮೇಲಿನ ಮನೆಗಳಿಗೆ ಹೋಗ್ಬೇಡಿ ಅಂತ ದಿನಾ ಜಗಳ ಆಡ್ತಿದ್ದೆ ಡಾಕ್ಟ್ರೇ. ನೀವು ಏನೂ ಇಲ್ಲ ಅಂದ್ಮೇಲೆ ಸುಮ್ನಾದೆ. ನಾನು ಸುಮ್ನಾಗ್ಬಾರ್ದಿತ್ತು.” ನಾನು ಆ ಕಾಫಿ ಕುಡಿದೆ, ಅತ್ತಿಗೆ. ಎಲ್ಲ ಅವನ ಆಯಸ್ಸು ಎಂದೆ.

ಮೊನ್ನೆ ಮದುವೆಮನೆಯಲ್ಲಿ ಸಿಕ್ಕಾಗ, ಇಷ್ಟು ವರ್ಷಗಳ ಮೇಲೂ, ಅದನ್ನೇ ಹೇಳಿದಿರಿ — ನಾನು ಸುಮ್ಮನಾಗಬಾರದಿತ್ತು ಎಂದು. ಇಷ್ಟು ಕಾಲ ನೀವು ಹೊತ್ತದ್ದು ನನ್ನ ತಪ್ಪನ್ನು. ಈ ಕಾಗದ ಸೇರಿದ ಮೇಲೆ ನಾನೇ ತೀರ್ಥಹಳ್ಳಿಗೆ ಬರುತ್ತೇನೆ. ಕ್ಷಮಿಸಿ ಎಂದು ಕೇಳುವುದಕ್ಕಲ್ಲ. ಅದನ್ನು ಕೇಳುವ ಮುಖ ನನಗಿಲ್ಲ. ನಿಮ್ಮ ಮಕ್ಕಳ ಎದುರಿಗೇ ಇದನ್ನು ಬಾಯಿಬಿಟ್ಟು ಹೇಳುವುದಕ್ಕೆ. ಕಾಫಿ ಇಡಬೇಡಿ.

ನಿಮ್ಮ ಅನುಮಾನ ಸರಿಯಾಗಿತ್ತು. ನೀವು ಸುಮ್ಮನಾದದ್ದಲ್ಲ, ಅತ್ತಿಗೆ. ನಿಮ್ಮ ಬಾಯಿ ಮುಚ್ಚಿಸಿದವನು ನಾನು.